ಕಡಲತಡಿಯ ಕಲ್ಲೇಡಿ ಮನೆ

ನ್ಯೂಯಾರ್ಕ್ ನಗರದ ಭೋಜನಶಾಲೆಗಳಲ್ಲಿ ಮಾಣಿಯಾಗಿ ದುಡಿಯುತ್ತಿದ್ದ ಜೋ ವೈಸ್ ಎಂಬಾತನಿಗೆ ಉಬ್ಬಸದ ಬೇನೆ. ಹುಟ್ಟಿದ್ದು ಹಂಗೆರಿ ದೇಶದಲ್ಲಿ. ಹೊಟ್ಟೆಪಾಡಿಗಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದವನು. ಊರು ತುಂಬ ಹೊಗೆ, ಚಳಿಗಾಲದಲ್ಲಿ ಹಿಮ. ರಾತ್ರಿಯಾಯಿತೆಂದರೆ ಎದೆ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹವೆ ಬದಲಾಯಿಸಿದ ಹೊರತು ಬೇರೆ ಮದ್ದಿಲ್ಲವೆಂದು ವೈದ್ಯರು ಹೇಳಿಬಿಟ್ಟರು. ಕೈಯಲ್ಲಿ ಹಣವಿರಲಿಲ್ಲ. ಜೀವವಿಮೆಯ ಮೇಲೆ ಐವತ್ತು ಡಾಲರು ಸಾಲ ತೆಗೆದು, ಹೆಂಡತಿ ಜೆನಿಯನ್ನೂ ಎಳೆಯ ಮಗ ಜೆಸ್ಸಿಯನ್ನೂ ನ್ಯೂಯಾರ್ಕಿನಲ್ಲಿಯೇ ಬಿಟ್ಟು, ೧೯೧೩ರಲ್ಲಿ ಆತನು ದಕ್ಷಿಣದ ಫ್ಲಾರಿಡ ಪ್ರಾಂತಕ್ಕೆ ರೈಲು ಹತ್ತಿದನು.

ಮಿಯಾಮಿ ಪಟ್ಟಣದಲ್ಲಿ ಕಳೆದುದು ಒಂದೇ ರಾತ್ರಿ. ಅಲ್ಲಿಯೂ ಉಸಿರು ಹಿಡಿಯಿತು. ಮರುದಿನ ದೋಣಿಯಲ್ಲಿ ಕುಳಿತು ಕೊಲ್ಲಿಯನ್ನು ದಾಟಿ ಎದುರಿನ ಮರಳುದ್ವೀಪಕ್ಕೆ ಹೋದನು. ಅಲ್ಲಿ ಕಡಲಗಾಳಿ ಮುಖಕ್ಕೆ ಬಡಿಯುತ್ತಿದ್ದಂತೆ ಎದೆ ತೆರೆಯಿತಂತೆ. ಇನ್ನು ಇಲ್ಲಿಂದ ಕದಲುವುದಿಲ್ಲವೆಂದು ಜೋ ನಿಶ್ಚಯಿಸಿದನು. ಅಮೆರಿಕದ ಅತ್ಯಂತ ಹೆಸರಾದ ಭೋಜನಶಾಲೆಗಳಲ್ಲಿ ಒಂದಾದ ‘ಜೋಸ್ ಸ್ಟೋನ್ ಕ್ರ್ಯಾಬ್’ ಹುಟ್ಟಿದ್ದು ಹೀಗೆ, ರುಚಿಯನ್ನು ಅರಸಿಕೊಂಡಲ್ಲ, ಉಸಿರನ್ನು ಅರಸಿಕೊಂಡು.

ಇಂದು ಮಿಯಾಮಿ ಬೀಚ್ ಎಂದರೆ ಮುಗಿಲು ಮುಟ್ಟುವ ಮಹಲುಗಳೂ ಬಣ್ಣದ ದೀಪಗಳೂ ಕಣ್ಣಿಗೆ ಕಟ್ಟುತ್ತವೆ. ಆಗ ಅದು ಊರೇ ಆಗಿರಲಿಲ್ಲ. ಒಂದು ಪಕ್ಕ ಸಾಗರ, ಇನ್ನೊಂದು ಪಕ್ಕ ಕೊಲ್ಲಿ, ನಡುವೆ ಕಾಂಡ್ಲಾ ಪೊದೆಗಳು, ಸೊಳ್ಳೆ, ಮರಳು. ದ್ವೀಪವನ್ನು ನೆಲಕ್ಕೆ ಸೇರಿಸುವ ಮರದ ಸೇತುವೆ ತೆರೆದದ್ದೇ ೧೯೧೩ರ ಜೂನಿನಲ್ಲಿ. ಪೌರಸಭೆಯೆಂಬುದು ಏರ್ಪಟ್ಟದ್ದು ೧೯೧೫ರಲ್ಲಿ. ದ್ವೀಪದ ದಕ್ಷಿಣದ ತುದಿಯಲ್ಲಿ ‘ಸ್ಮಿತ್ಸ್ ಕ್ಯಾಸಿನೊ’ ಎಂಬ ಸ್ನಾನಗೃಹವಿತ್ತು. ಕ್ಯಾಸಿನೊ ಎಂಬ ಹೆಸರು ಕೇಳಿ ಜೂಜುಕಟ್ಟೆಯೆಂದು ಭಾವಿಸಬೇಕಾಗಿಲ್ಲ. ಸಮುದ್ರಸ್ನಾನಕ್ಕೆ ಬಂದವರು ಉಡುಪು ಬದಲಾಯಿಸಿಕೊಳ್ಳುವ ಜಾಗ ಅದು. ಅಲ್ಲಿ ಜೋ ಒಂದು ಪುಟ್ಟ ತಿಂಡಿಯ ಕಟ್ಟೆಯನ್ನು ಹೂಡಿ, ಮೀನಿನ ಸ್ಯಾಂಡ್‌ವಿಚ್ಚನ್ನೂ ಕರಿದ ಆಲೂಗಡ್ಡೆಯನ್ನೂ ಮಾರತೊಡಗಿದನು. ಹೆಂಡತಿ, ಮಗ ಬಂದು ಸೇರಿಕೊಂಡರು. ೧೯೧೮ರಲ್ಲಿ ಸಮೀಪದ ಬಿಸ್ಕೇನ್ ಬೀದಿಯಲ್ಲಿ ಒಂದು ಬಂಗಲೆಯನ್ನು ಕೊಂಡು, ಹಿಂಭಾಗದಲ್ಲಿ ಸಂಸಾರ ಹೂಡಿ, ಮುಂದಿನ ಜಗಲಿಯಲ್ಲಿ ಏಳೆಂಟು ಮೇಜುಗಳನ್ನು ಹಾಕಿದರು. ಗಂಡ ಒಲೆಯ ಮುಂದೆ, ಹೆಂಡತಿ ಬಡಿಸುವುದಕ್ಕೆ. ನಮ್ಮ ದಕ್ಷಿಣ ಕನ್ನಡದ ಕಡೆ ಮನೆಯ ಚಾವಡಿಯಲ್ಲಿಯೇ ಎಲೆ ಹಾಕಿ ಖಾನಾವಳಿ ನಡೆಸಿದವರ ಕಥೆಯನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸಲಾರದು.

ಮೊದಲ ವರ್ಷಗಳಲ್ಲಿ ಅಲ್ಲಿ ದೊರೆಯುತ್ತಿದ್ದುದು ಸಾಮಾನ್ಯವಾದ ಮೀನಡುಗೆ ಮಾತ್ರ. ಹೋಟಲಿಗೆ ಹೆಸರು ಕೊಟ್ಟ ಕಲ್ಲೇಡಿ ಇನ್ನೂ ಒಳಕ್ಕೆ ಕಾಲಿಟ್ಟಿರಲಿಲ್ಲ. ಕೊಲ್ಲಿಯ ತುಂಬ ಅದು ಹರಿದಾಡುತ್ತಿತ್ತು, ಆದರೆ ಜೋ ಆಗಲಿ ಅವನ ಗಿರಾಕಿಗಳಾಗಲಿ ಅದರತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ. ೧೯೨೧ರಲ್ಲಿ ಜೇಮ್ಸ್ ಆಲಿಸನ್ ಎಂಬ ಶ್ರೀಮಂತನು ಕೊಲ್ಲಿಯ ದಡದಲ್ಲಿ ಕಟ್ಟಿಸಿದ ಮತ್ಸ್ಯಾಲಯಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ಮತ್ಸ್ಯವಿಜ್ಞಾನಿಯೊಬ್ಬನು ಬಂದಿದ್ದನು. ಮನೆಯವರು ತಲೆಮಾರುಗಳಿಂದ ಹೇಳುತ್ತ ಬಂದಿರುವ ಕಥೆಯ ಪ್ರಕಾರ, ಆ ಪಂಡಿತನು ಒಂದು ಬೆಳಿಗ್ಗೆ ಗೋಣಿಚೀಲದ ತುಂಬ ಜೀವಂತ ಏಡಿಗಳನ್ನು ಹೊತ್ತು ತಂದು, “ಇದನ್ನು ಅಡುಗೆ ಮಾಡಿ ನೋಡಿದ್ದೀಯಾ?” ಎಂದು ಕೇಳಿದನು. ಯಾರು ತಿಂದಾರು ಎಂದು ಜೋ ಮೂಗು ಮುರಿದನಂತೆ. ಆದರೂ ಪ್ರಯೋಗಕ್ಕೆ ಇಳಿದನು. ಹಸಿಯಾಗಿಯೇ ಮಂಜುಗಡ್ಡೆಯಲ್ಲಿಟ್ಟರೆ ಮಾಂಸ ಚಿಪ್ಪಿಗೆ ಅಂಟಿಕೊಳ್ಳುತ್ತಿತ್ತು, ಅಯೊಡಿನ್ನಿನಂಥ ಕಹಿ ಬರುತ್ತಿತ್ತು. ಮೊದಲು ಕುದಿಸಿ, ಅನಂತರ ತಣಿಸಿದಾಗ ಎರಡು ದೋಷಗಳೂ ಮಾಯವಾದುವು. ತಣ್ಣಗಿನ ಏಡಿ, ಪಕ್ಕದಲ್ಲಿ ಸಾಸುವೆಯ ಗೊಜ್ಜು, ಹುರಿದ ಆಲೂಗಡ್ಡೆ, ಎಲೆಕೋಸಿನ ಕೋಸಂಬರಿ. ನಾಲ್ಕೈದು ಏಡಿಗೆ ಎಪ್ಪತ್ತೈದು ಸೆಂಟು ಬೆಲೆಯೆಂದು ಗೊತ್ತುಮಾಡಿದನು. ಬೆಲೆಯೊಂದನ್ನು ಬಿಟ್ಟರೆ ಆ ತಟ್ಟೆ ಇಂದಿಗೂ ಬದಲಾಗಿಲ್ಲ.

ಈ ಪ್ರಾಣಿಯ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದರಂಥ ವಿಲಕ್ಷಣವಾದ ಬೇಟೆ ಲೋಕದಲ್ಲಿ ಹೆಚ್ಚಾಗಿಲ್ಲ. ಕಲ್ಲೇಡಿಯನ್ನು ಯಾರೂ ಇಡಿಯಾಗಿ ಕೊಲ್ಲುವುದಿಲ್ಲ. ತಿನ್ನುವುದು ಇಕ್ಕಳದಂತಿರುವ ಎರಡು ಮುಂಗಾಲುಗಳನ್ನು ಮಾತ್ರ. ಒಂದು ದಪ್ಪ, ಚಿಪ್ಪು ಪುಡಿಗುಟ್ಟುವುದಕ್ಕೆ. ಇನ್ನೊಂದು ತುಸು ತೆಳು, ಕತ್ತರಿಸುವುದಕ್ಕೆ. ಏಡಿಯ ತೂಕದ ಸುಮಾರು ಅರ್ಧಪಾಲು ಈ ಎರಡು ಕಾಲುಗಳಲ್ಲಿಯೇ ಅಡಗಿದೆ. ಬೆಸ್ತರು ಹಂದಿಯ ಕಾಲನ್ನು ಎರೆಯಾಗಿಟ್ಟ ಬೋನುಗಳನ್ನು ಕಡಲ ತಳಕ್ಕೆ ಇಳಿಬಿಡುತ್ತಾರೆ. ಮೇಲಕ್ಕೆತ್ತಿದಾಗ ಸಿಕ್ಕ ಏಡಿಯ ಇಕ್ಕಳವನ್ನು ಅಳೆದು, ಕೀಲಿನ ಬಳಿ ಒಂದೇ ಸಲಕ್ಕೆ ಮುರಿದು, ಒಡಲನ್ನು ಮರಳಿ ನೀರಿಗೆ ಎಸೆಯುತ್ತಾರೆ. ಕಳೆದುಹೋದ ಕಾಲು ಮತ್ತೆ ಬೆಳೆಯುತ್ತದೆ. ಆದರೆ ಅದು ಒಂದು ವರ್ಷವನ್ನೋ ಅದಕ್ಕೂ ಹೆಚ್ಚು ಕಾಲವನ್ನೋ ಬೇಡುವ ಕೆಲಸ. ಏಡಿ ಹಳೆಯ ಚಿಪ್ಪನ್ನು ಕಳಚಿ ಹೊಸ ಚಿಪ್ಪನ್ನು ತಾಳಿದಂತೆಲ್ಲ ಕಾಲು ಹಂತಹಂತವಾಗಿ ದೊಡ್ಡದಾಗುತ್ತದೆ. ಇಕ್ಕಳದ ಒಳಮೈಯಲ್ಲಿ ಬೆರಳಚ್ಚಿನಂಥ ಗೆರೆಗಳಿವೆ. ಹುಟ್ಟುಕಾಲಿನಲ್ಲಿ ಆ ಗೆರೆಗಳು ಅಖಂಡ. ಮರುಬೆಳೆದ ಕಾಲಿನಲ್ಲಿ ತುಂಡುತುಂಡು. ತಟ್ಟೆಗೆ ಬಂದುದು ಮೊದಲ ಕಾಲೋ ಎರಡನೆಯದೋ ಎಂಬುದನ್ನು ಬಲ್ಲವರು ಅದರಿಂದಲೇ ಹೇಳಬಲ್ಲರು.

ಕೊಲ್ಲದೆ ತಿನ್ನುವ ಈ ಉಪಾಯ ಕೇಳುವುದಕ್ಕೆ ಬಲು ಸೊಗಸು. ಮೊಟ್ಟೆ ಹೊತ್ತ ಹೆಣ್ಣೇಡಿಯ ಕಾಲನ್ನು ಮುಟ್ಟಬಾರದೆಂಬ ನಿಯಮವೂ ಫ್ಲಾರಿಡದಲ್ಲಿದೆ. ಆದರೆ ಏಡಿಯ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ೧೯೭೦ರ ದಶಕದಲ್ಲಿ ವಿಜ್ಞಾನಿಗಳು ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದಾಗ, ಒಂದು ಕಾಲು ಕಳೆದುಕೊಂಡವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚೂ, ಎರಡೂ ಕಳೆದುಕೊಂಡವುಗಳಲ್ಲಿ ಅರ್ಧದಷ್ಟೂ ಸತ್ತುಹೋದುವು. ಆಯುಧವಿಲ್ಲದ ಏಡಿ ಗಟ್ಟಿ ಚಿಪ್ಪಿನ ಆಹಾರವನ್ನು ಒಡೆಯಲಾರದು, ಶತ್ರುವನ್ನು ಎದುರಿಸಲಾರದು. ಹಾಗಿದ್ದರೂ ಎರಡೂ ಕಾಲುಗಳನ್ನು ತೆಗೆಯುವುದಕ್ಕೆ ಕಾಯಿದೆಯ ಅಡ್ಡಿಯಿಲ್ಲ.

ಮತ್ತೊಂದು ವಿಚಿತ್ರವನ್ನೂ ಹೇಳದೆ ಮುಂದೆ ಹೋಗುವಂತಿಲ್ಲ. ಜೋ ವೈಸ್ ಯೆಹೂದ್ಯನು. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಏಡಿ ನಿಷಿದ್ಧ ಆಹಾರ. ರೆಕ್ಕೆಯೂ ಪೊರೆಯೂ ಇಲ್ಲದ ಜಲಚರಗಳನ್ನು ಶಾಸ್ತ್ರವು ಒಪ್ಪುವುದಿಲ್ಲ. ಅಂಥ ಮನೆತನದವರು ಏಡಿಯಿಂದಲೇ ಐಶ್ವರ್ಯವಂತರಾದರು. ದ್ವೀಪದಲ್ಲಿ ನೆಲೆಸಿದ ಮೊದಲ ಯೆಹೂದಿ ಸಂಸಾರ ಅವರದೇ ಎಂದು ಹೇಳುವುದುಂಟು. ಆ ಕಾಲದಲ್ಲಿ ದ್ವೀಪದ ಬಹುಭಾಗದ ನಿವೇಶನಗಳನ್ನು ಯೆಹೂದ್ಯರಿಗೆ ಮಾರಬಾರದೆಂದು ಕ್ರಯಪತ್ರದಲ್ಲಿಯೇ ಬರೆಯುತ್ತಿದ್ದರು. ೧೯೩೦ರ ದಶಕದಲ್ಲಿಯೂ ಹಲವು ಹೋಟಲುಗಳು ಅವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅವರಿಗೆ ಉಳಿದಿದ್ದುದು ಐದನೆಯ ಬೀದಿಯಿಂದ ದಕ್ಷಿಣಕ್ಕಿರುವ ತುಂಡುನೆಲ. ಜೋ ಕಟ್ಟಿದ ಹೋಟಲು ಆ ತುಂಡಿನೊಳಗೇ ಇತ್ತು. ಹೋಟಲಿನಿಂದ ಕೆಲವೇ ಬೀದಿಗಳಾಚೆ, ವಾಷಿಂಗ್ಟನ್ ಅವೆನ್ಯೂದಲ್ಲಿ, ೧೯೨೯ರಲ್ಲಿ ಕಟ್ಟಿದ ಅವರ ಪ್ರಾರ್ಥನಾಮಂದಿರ ಈಗ ವಸ್ತುಸಂಗ್ರಹಾಲಯವಾಗಿದೆ. ಬೇರೆ ಬೀದಿಗಳಲ್ಲಿ ಜೋಗೆ ನೆರೆಯವನಾಗಿರಲು ಒಪ್ಪದಿದ್ದ ಧನಿಕರು ಸಂಜೆಯಾದರೆ ಅವನ ಮೇಜಿನ ಮುಂದೆ ಸಾಲುಗಟ್ಟಿದರು.

ಬಂದವರಲ್ಲಿ ಎಲ್ಲ ಬಗೆಯವರೂ ಇದ್ದರು. ಷಿಕಾಗೊ ನಗರದ ಕುಖ್ಯಾತ ದರೋಡೆಗಾರ ಅಲ್ ಕಪೋನ್ ೧೯೨೮ರಲ್ಲಿ ಕೊಲ್ಲಿಯ ನಡುವಣ ಪಾಮ್ ದ್ವೀಪದಲ್ಲಿ ಮನೆ ಕೊಂಡಿದ್ದನಷ್ಟೆ. ಸಾಯಂಕಾಲ ಗಿರಾಕಿಗಳು ನೆರೆಯುವ ಮೊದಲೇ, ‘ಮಿಸ್ಟರ್ ಬ್ರೌನ್’ ಎಂಬ ಹೆಸರಿನಲ್ಲಿ, ಪರಿವಾರದೊಡನೆ ಬಂದು ಊಟ ಮಾಡಿ ಹೋಗುತ್ತಿದ್ದನೆಂದು ಜೆಸ್ಸಿ ಮುಂದೆ ಕಥೆ ಹೇಳುತ್ತಿದ್ದನು. ಆತನ ನಿಜವಾದ ಗುರುತನ್ನು ತಿಳಿಯದ ಜೆನಿಯಮ್ಮ ಬಲು ಮರ್ಯಾದಸ್ಥನೆಂದು ಉಪಚರಿಸಿದಳಂತೆ. ಆತನೂ ಆಕೆಗೆ ಹೂವುಗಳನ್ನು ಕಳುಹಿಸಿದನಂತೆ. ಜೆಸ್ಸಿ ಮಾತಿನ ಮಲ್ಲ. ಅವನ ಕಥೆಗಳಲ್ಲಿ ಸಾಸುವೆ ಎಷ್ಟು, ಏಡಿ ಎಷ್ಟು ಎಂದು ಬಿಡಿಸುವುದು ಕಷ್ಟ.

೧೯೩೦ರ ದಶಕದಲ್ಲಿ ಯಜಮಾನಿಕೆ ಜೆಸ್ಸಿಯ ಕೈಗೆ ಬಂತು. ಜೂಜಿನ ಚಟ ಆತನಿಗೆ ವಿಪರೀತವಾಗಿತ್ತು. ಆದರೆ ಬಂದವರನ್ನು ಹೆಸರು ಹಿಡಿದು ಕರೆದು, ಹೆಗಲ ಮೇಲೆ ಕೈಯಿಟ್ಟು ಕೂರಿಸುವ ಕಲೆಯೂ ಅಷ್ಟೇ ಸಿದ್ಧಿಸಿತ್ತು. ಹೋಟಲು ಖ್ಯಾತಿವೆತ್ತದ್ದು ಆತನ ಕಾಲದಲ್ಲಿ. ಲೆಕ್ಕವನ್ನು ಬಿಗಿಹಿಡಿದು ಮನೆಯನ್ನು ಉಳಿಸಿದವರು ಮಾತ್ರ ಹೆಂಗಸರು: ಮೊದಲು ಜೆನಿ, ಬಹುಕಾಲದ ಮೇಲೆ ಜೆಸ್ಸಿಯ ಮಗಳು ಜೋ ಆನ್. ಆಕೆಯ ಮಗ ಸ್ಟೀಫನ್ ಸಾವಿಟ್ಸ್ ನಾಲ್ಕನೆಯ ತಲೆಮಾರಿನವನು.

ಹೆಂಗಸರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಆಳಿದ ಇಂಥ ಮನೆಯೇ ಹೆಂಗಸರ ವಿಷಯದಲ್ಲಿ ನ್ಯಾಯಾಲಯದ ಕಟಕಟೆ ಏರಬೇಕಾಗಿ ಬಂದುದು ಈ ಚರಿತ್ರೆಯ ಕಹಿಭಾಗ. ಆರಂಭದಲ್ಲಿ ಬಡಿಸಿದವಳೇ ಜೆನಿ. ಎರಡನೆಯ ಮಹಾಯುದ್ಧ ಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಹೆಂಗಸರೇ ತಟ್ಟೆ ಹಿಡಿದಿದ್ದರು. ಯುದ್ಧ ಮುಗಿದು ಗಂಡಸರು ಮರಳಿದರು. ಹೆಂಗಸರ ಸ್ಥಾನಗಳು ಬಹುಮಟ್ಟಿಗೆ ಅವರ ಪಾಲಾದುವು. ೧೯೫೦ರಿಂದ ಮುಂದೆ ಮಾಣಿಗಳೆಲ್ಲರೂ ಹೆಚ್ಚುಕಡಮೆ ಗಂಡಸರೇ. ಕಪ್ಪು ಟಕ್ಸೀಡೊ ಧರಿಸಿ, ತಲೆಬಾಗಿ ಬಡಿಸುವ ಗಂಡುಮಾಣಿಯೇ ಮೇಲುತರಗತಿಯ ಭೋಜನಕ್ಕೆ ಶೋಭೆ ಎಂಬ ಯೂರೋಪಿನ ಹಳೆಯ ಭಾವನೆ ಅಲ್ಲಿ ಬೇರೂರಿತ್ತು. ಇಪ್ಪತ್ತುನಾಲ್ಕರಿಂದ ಮೂವತ್ತೆರಡು ಮಂದಿ ಮಾಣಿಗಳ ಗುಂಪಿನಲ್ಲಿ ಒಬ್ಬಳೇ ಹೆಂಗಸು ಹದಿನೇಳು ವರ್ಷ ದುಡಿದಳು. ಆ ಅವಧಿಯ ಬಹುಭಾಗ ಆಕೆಗೆ ಜೊತೆಯಿರಲಿಲ್ಲ. ಗಲ್ಲ, ಒಗೆತ ಇಂಥ ಕೆಲಸಗಳಿಗೆ ಹೆಂಗಸರು ಸಲ್ಲುತ್ತಿದ್ದರು.

ಮಾಣಿಯ ಉದ್ಯೋಗವೆಂದರೆ ಅಲ್ಲಿ ಹಗುರವಾದುದಲ್ಲ. ಋತುವಿನಲ್ಲಿ ವಾರದ ದಿನಗಳಲ್ಲಿಯೇ ರಾತ್ರಿಯೊಂದಕ್ಕೆ ೧,೪೫೦ರವರೆಗೆ, ವಾರಾಂತ್ಯದಲ್ಲಿ ೧,೮೦೦ರವರೆಗೆ ಗಿರಾಕಿಗಳು ಬರುತ್ತಿದ್ದರೆಂದು ನ್ಯಾಯಾಲಯದ ದಾಖಲೆಯಲ್ಲಿದೆ. ಭಕ್ಷೀಸೂ ಅದಕ್ಕೆ ತಕ್ಕಂತೆ. ಒಮ್ಮೆ ಸೇರಿದವರು ಬಿಟ್ಟುಹೋಗುವುದು ಅಪರೂಪ. ಖಾಲಿಯಾದ ಕೆಲವೇ ಸ್ಥಾನಗಳಿಗೆ ಪ್ರತಿವರ್ಷ ಅಕ್ಟೋಬರಿನ ಎರಡನೆಯ ಮಂಗಳವಾರ ಆಯ್ಕೆ ನಡೆಯುತ್ತಿತ್ತು. ‘ಹಾಜರಿ ಕರೆ’ ಎಂದೇ ಅದರ ಹೆಸರು. ಜಾಹೀರಾತಿಲ್ಲ, ಬಾಯಿಮಾತಿನಿಂದಲೇ ಸುದ್ದಿ ಹಬ್ಬಿ ನೂರಕ್ಕೂ ಮಿಕ್ಕಿ ಜನ ಸೇರುತ್ತಿದ್ದರು. ಅಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂಬ ಮಾತೂ ಹಾಗೆಯೇ ಹಬ್ಬಿತ್ತಾದ್ದರಿಂದ ಅವರು ಬರುವುದೇ ವಿರಳವಾಗಿತ್ತು. ೧೯೮೬ರಿಂದ ೧೯೯೦ರವರೆಗೆ ಸೇರಿಸಿಕೊಂಡ ಹೊಸ ಮಾಣಿಗಳು ೧೦೮ ಮಂದಿ. ಅವರಲ್ಲಿ ಹೆಂಗಸು ಒಬ್ಬಳೂ ಇಲ್ಲ.

೧೯೯೧ರಲ್ಲಿ ಉದ್ಯೋಗದಲ್ಲಿ ಸಮಾನಾವಕಾಶವನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಆಯೋಗವು ತಾನಾಗಿಯೇ ಆಕ್ಷೇಪವೆತ್ತಿ, ಮುಂದೆ ದಾವೆ ಹೂಡಿತು. ವ್ಯಾಜ್ಯ ಬಹುಕಾಲ ನಡೆಯಿತು. ಉದ್ದೇಶಪೂರ್ವಕವಾದ ತಾರತಮ್ಯ ಕಾಣದಿದ್ದರೂ ಆಯ್ಕೆಯ ಪದ್ಧತಿಯ ಫಲವೇ ತಾರತಮ್ಯವಾಗಿದೆಯೆಂದು ೧೯೯೭ರಲ್ಲಿ ಜಿಲ್ಲಾ ನ್ಯಾಯಾಧೀಶರು ಹೇಳಿದರು. ೨೦೦೦ದಲ್ಲಿ ಮೇಲಣ ನ್ಯಾಯಾಲಯವು ಆ ತರ್ಕವನ್ನು ಒಪ್ಪದೆ, ಉದ್ದೇಶದ ಪ್ರಶ್ನೆಯನ್ನೇ ಮತ್ತೆ ಪರಿಶೀಲಿಸಬೇಕೆಂದು ಹಿಂದಿರುಗಿಸಿತು. ಎರಡನೆಯ ಸಲದ ತೀರ್ಪು ಹೋಟಲಿಗೆ ಇನ್ನೂ ಕಠಿಣವಾಯಿತು: ತಾರತಮ್ಯ ತಿಳಿದೇ ನಡೆದುದು. ೨೦೦೨ರಲ್ಲಿ ಮೇಲಣ ನ್ಯಾಯಾಲಯ ಈ ಮುಖ್ಯ ತೀರ್ಮಾನವನ್ನು ಎತ್ತಿಹಿಡಿಯಿತು. ಹೋಟಲಿನವರ ಪರವಾಗಿಯೂ ಹೇಳಬೇಕಾದ ಮಾತಿದೆ: ೧೯೯೧ರಿಂದ ೧೯೯೫ರವರೆಗೆ ಸೇರಿಸಿಕೊಂಡ ೮೮ ಮಾಣಿಗಳಲ್ಲಿ ೧೯ ಮಂದಿ ಹೆಂಗಸರು. ಆದರೆ ಆಯೋಗವು ಬಾಗಿಲು ತಟ್ಟಿದ ಮೇಲಿನ ಲೆಕ್ಕ ಅದು. ಮುತ್ತಜ್ಜಿಯೇ ತಟ್ಟೆ ಹೊತ್ತು ಕಟ್ಟಿದ ಮನೆಗೆ ಈ ಪಾಠವನ್ನು ನ್ಯಾಯಾಧೀಶರು ಹೇಳಿಕೊಡಬೇಕಾಯಿತೆ ಎಂದು ಯಾರಿಗಾದರೂ ಅನ್ನಿಸದೆ ಇರದು.

ಊಟದ ಕೊನೆಗೆ ಅಲ್ಲಿ ಬರುವ ಸಿಹಿಯ ವಿಷಯವನ್ನು ಗೃಹಿಣಿಯರು ಕೇಳಲು ಬಯಸಬಹುದು. ಅದು ‘ಕೀ ಲೈಮ್ ಪೈ’. ಫ್ಲಾರಿಡದ ದಕ್ಷಿಣಕ್ಕೆ ಮಾಲೆಯಂತೆ ಹಬ್ಬಿದ ಕೀಸ್ ದ್ವೀಪಗಳಿಗೆ ೧೯೧೨ರಲ್ಲಿ ರೈಲು ಕೊನೆಯವರೆಗೆ ಮುಟ್ಟುವ ತನಕ ಅಲ್ಲಿ ಹಸಿಹಾಲು ದುರ್ಲಭ. ಇದ್ದುದು ಡಬ್ಬಿಯ ಗಟ್ಟಿಹಾಲು. ಅದಕ್ಕೆ ಅಲ್ಲಿನ ಗೋಲಿಯಂಥ ಪುಟ್ಟ ನಿಂಬೆಯ ರಸವನ್ನೂ ಮೊಟ್ಟೆಯ ಹಳದಿಯನ್ನೂ ಬೆರೆಸಿದರೆ ತಾನಾಗಿ ಗಟ್ಟಿಯಾಗುತ್ತದೆ. ಬಿಸ್ಕತ್ತಿನ ಪುಡಿಯ ತಳದ ಮೇಲೆ ಅದನ್ನು ಸುರಿದು ತಣಿಸಿದರೆ ತೀರಿತು. ಹಸಿರುಬಣ್ಣ ಹಾಕಿದ್ದರೆ ಅದು ಅಸಲಿಯಲ್ಲ, ಅಸಲಿಯದು ತೆಳುಹಳದಿ.

ಹಲವು ದಶಕಗಳ ಕಾಲ ಈ ಹೋಟಲು ಏಡಿಯ ಪಂಚಾಂಗವನ್ನೇ ಅನುಸರಿಸಿತು. ಅಕ್ಟೋಬರಿನ ನಡುವೆ ಬಾಗಿಲು ತೆರೆದರೆ ಮೇ ನಡುವೆ ಮುಚ್ಚುವುದು. ಬೇಸಗೆಯಲ್ಲಿ ಏಡಿ ಮೊಟ್ಟೆಯಿಡುವ ಕಾಲ. ಆಗ ಬೋನು ಹಾಕುವಂತಿಲ್ಲ. ನಮ್ಮ ಮಲ್ಪೆ, ಮಂಗಳೂರುಗಳ ಯಾಂತ್ರಿಕ ದೋಣಿಗಳು ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ದಡದಲ್ಲಿ ವಿಶ್ರಮಿಸುವುದೂ ಇದೇ ಕಾರಣಕ್ಕೆ. ರಾತ್ರಿಯ ಊಟಕ್ಕೆ ಮುಂಗಡವಾಗಿ ಮೇಜು ಕಾದಿರಿಸುವ ಪದ್ಧತಿಯೂ ಬಹುಕಾಲ ಅಲ್ಲಿರಲಿಲ್ಲ; ಎಂಥ ಕೋಟ್ಯಧೀಶನಾದರೂ ಹೆಸರು ಬರೆಸಿ ಕಾಯಬೇಕು. ೨೦೦೦ದಲ್ಲಿ ಷಿಕಾಗೊದಲ್ಲಿ, ೨೦೦೪ರಲ್ಲಿ ಲಾಸ್ ವೇಗಸ್‌ನಲ್ಲಿ, ೨೦೧೪ರಲ್ಲಿ ವಾಷಿಂಗ್ಟನ್ನಿನಲ್ಲಿ ಪಾಲುದಾರರೊಡನೆ ಇದೇ ಹೆಸರಿನ ಹೋಟಲುಗಳು ತೆರೆದುವು. ಮಿಯಾಮಿ ಬೀಚಿನ ಮೂಲಮನೆ ೨೦೧೩ರಲ್ಲಿ ನೂರು ವರ್ಷ ತುಂಬಿಸಿಕೊಂಡಿತು.

ಹೋಟಲಿಗಿಂತ ಏಡಿಯ ಭವಿಷ್ಯವೇ ಈಗ ಚಿಂತೆಯ ವಿಷಯ. ಒಂದು ಕಾಲಕ್ಕೆ ಫ್ಲಾರಿಡದ ನೀರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೋನುಗಳಿದ್ದುವು. ೧೯೯೦ರ ದಶಕದ ಕೊನೆಯಿಂದೀಚೆಗೆ ಸಿಗುವ ಇಕ್ಕಳದ ಪ್ರಮಾಣ ಇಳಿಮುಖವಾಗಿದೆ. ಬೋನಿನ ಸಂಖ್ಯೆಯನ್ನು ಕಡಮೆ ಮಾಡುವ ಯೋಜನೆ ಬಂತು. ೨೦೨೦ರಲ್ಲಿ ಪ್ರಾಂತ ಸರ್ಕಾರವು ಋತುವನ್ನು ಎರಡು ವಾರ ಮೊಟಕುಗೊಳಿಸಿ ಮೇ ಒಂದಕ್ಕೆ ಮುಗಿಸಿತು. ತೆಗೆಯಬಹುದಾದ ಇಕ್ಕಳದ ಕನಿಷ್ಠ ಉದ್ದವನ್ನು ಎರಡೂಮುಕ್ಕಾಲು ಅಂಗುಲದಿಂದ ಇನ್ನೂ ಅರೆಪಾವು ಅಂಗುಲ ಹೆಚ್ಚಿಸಿತು. ಅರೆಪಾವು ಅಂಗುಲವೆಂದರೆ ಬೆರಳುಗುರಿನ ತುದಿಯಷ್ಟು. ಆದರೆ ಏಡಿಗೆ ಇನ್ನೊಮ್ಮೆ ಸಂತಾನವನ್ನು ಪಡೆಯುವುದಕ್ಕೆ ಅಷ್ಟು ಕಾಲಾವಕಾಶ ಸಾಕಾಗಬಹುದೆಂಬುದು ಅದರ ಹಿಂದಿನ ಲೆಕ್ಕ. ಸಣ್ಣ ಏಡಿಗಳು ನುಸುಳಿಕೊಂಡು ಹೋಗುವಂತೆ ಬೋನಿಗೆ ಕಿಂಡಿಯ ಬಳೆಯನ್ನು ಕೂಡಿಸಬೇಕೆಂಬ ನಿಯಮವೂ ಅನಂತರ ಜಾರಿಗೆ ಬಂತು. ಬೆಸ್ತರಲ್ಲಿ ಕೆಲವರು ಗೊಣಗಿದರು. ವಾರವೆರಡು ಕಡಮೆಯಾದರೆ ದೋಣಿಯ ಸಾಲ ನಿಲ್ಲುವುದಿಲ್ಲವಲ್ಲ. ಜೋ ಮನೆತನಕ್ಕೆ ಈ ಗೊಣಗಾಟ ಹೊರಗಿನ ಮಾತಲ್ಲ. ಕೀಸ್ ದ್ವೀಪಗಳ ಮ್ಯಾರಥಾನ್ ಎಂಬಲ್ಲಿ ಅವರದೇ ಮೀನುಗಾರಿಕೆಯ ದಕ್ಕೆಯಿದೆ. ದೋಣಿಗಳು ಬಂದಕೂಡಲೇ ಇಕ್ಕಳಗಳನ್ನು ಅಲ್ಲಿಯೇ ಕುದಿಸಿ ತಣಿಸುತ್ತಾರೆ, ೧೯೨೧ರಲ್ಲಿ ಜೋ ಕಂಡುಕೊಂಡ ಕ್ರಮದಲ್ಲಿಯೇ.

ಅಕ್ಟೋಬರ್ ಐದನೆಯ ದಿನ ಬೋನುಗಳನ್ನು ನೀರಿಗಿಳಿಸಲು ಅಪ್ಪಣೆ. ಹತ್ತು ದಿನ ಅವು ತಳದಲ್ಲಿ ಕುಳಿತಿರುತ್ತವೆ. ಹದಿನೈದರ ಬೆಳಗಿನ ಜಾವ ದೋಣಿಗಳು ಹೊರಡುತ್ತವೆ. ಮೊದಲ ಬೋನು ಮೇಲಕ್ಕೆ ಬರುತ್ತದೆ. ಅಳತೆಗೋಲು ಇಕ್ಕಳದ ಪಕ್ಕಕ್ಕೆ ಹೋಗುತ್ತದೆ. ಒಂದು ಸಣ್ಣ ಚಿಟಿಲ್ ಶಬ್ದ. ಏಡಿ ನೀರಿಗೆ ಬೀಳುತ್ತದೆ. ಅದೇ ಸಂಜೆ ವಾಷಿಂಗ್ಟನ್ ಅವೆನ್ಯೂದ ತುದಿಯಲ್ಲಿ, ಜೋ ವೈಸನ ಎದೆ ತೆರೆದ ಆ ಕಡಲಗಾಳಿಯಲ್ಲಿ, ಗಿರಾಕಿಗಳು ಬಾಗಿಲಲ್ಲಿ ಹೆಸರು ಬರೆಸಿ ನಿಂತಿರುತ್ತಾರೆ.